ಉಡುಪಿ ಕರಾವಳಿ: ಒಂದು ದಿನದ ಪ್ರವಾಸ

ಕರ್ನಾಟಕದ ಕರಾವಳಿಯು ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸುಮಾರು 300 ಕಿ.ಮೀ. ಉದ್ದಕ್ಕೆ ಹಬ್ಬಿರುತ್ತದೆ. ಇವುಗಳ ಪೈಕಿ ಮಧ್ಯದಲ್ಲಿರುವ ಉಡುಪಿ ಜಿಲ್ಲೆಯ ದ್ವೀಪ, ದೇವಾಲಯ ಹಾಗೂ ದೀಪಸ್ತಂಭಗಳನ್ನು ಒಂದೇ ದಿನದಲ್ಲಿ ಸಂದರ್ಶಿಸಬಹುದಾಗಿದೆ. ಪ್ರವಾಸ ಕೈಗೊಳ್ಳುವ ನಾಗರಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಸೂಕ್ತ ಕಾಲ
ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯು ಪ್ರವಾಸಕ್ಕೆ ಪ್ರಶಸ್ತವಾದುದು. ಮಾರ್ಚ್ ನಂತರ ಸೆಖೆ ಹೆಚ್ಚಾಗಿರುತ್ತದೆ. ಮಳೆಗಾಲದಲ್ಲಿ ಸಮುದ್ರವು ಪ್ರಕ್ಷುಬ್ಧವಾಗಿರುವುದರಿಂದ ದ್ವೀಪಕ್ಕೆ ದೋಣಿ ಸಂಚಾರವಿರುವುದಿಲ್ಲ.

ತಲುಪುವ ಬಗೆ
ಉಡುಪಿಯು ರಾಷ್ಟ್ರೀಯ ಹೆದ್ದಾರಿ 66ರಲ್ಲಿದ್ದು, ಕೊಂಕಣ ರೈಲು ಮಾರ್ಗದ ನಿಲ್ದಾಣವು ಇಂದ್ರಾಳಿಯಲ್ಲಿದೆ. ಸಮೀಪದ ವಿಮಾನ ನಿಲ್ದಾಣ ಮಂಗಳೂರು. ಉಡುಪಿಯಿಂದ ಮಲ್ಪೆಗೆ ಸುಮಾರು 6 ಕಿ.ಮೀ. ದೂರವಿದ್ದು, ಸಿಟಿ ಬಸ್ಸುಗಳ ಸೌಕರ್ಯವಿದೆ.

ಬೆಳಿಗ್ಗೆ: ಮಲ್ಪೆ ಮತ್ತು ಸೇಂಟ್ ಮೇರೀಸ್ ದ್ವೀಪ
ಮಧ್ಯಾಹ್ನದ ನಂತರ ಕಡಲ ಗಾಳಿ ಬಲಗೊಳ್ಳುವುದರಿಂದ ದ್ವೀಪಕ್ಕೆ ಬೆಳಿಗ್ಗೆಯೇ ಹೋಗಿಬರುವುದು ಉತ್ತಮ. ಮಲ್ಪೆಯಿಂದ ದೋಣಿಯ ಮೂಲಕ ಈ ದ್ವೀಪವನ್ನು ತಲುಪಬಹುದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಇಲ್ಲಿ ಹೊರಹೊಮ್ಮಿದ ಲಾವಾರಸವು ತಣಿದು ಕುಗ್ಗಿ ಬಹುಭುಜಾಕೃತಿಯ ಕಲ್ಲುಕಂಬಗಳಾದವು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವುದರಿಂದ ಕಲ್ಲುಗಳನ್ನು ಕೀಳುವುದಾಗಲೀ, ಅವುಗಳ ಮೇಲೆ ಬರೆಯುವುದಾಗಲೀ ಸಲ್ಲದು.

ಮಧ್ಯಾಹ್ನ: ಉಡುಪಿ
ಶ್ರೀ ಕೃಷ್ಣ ಮಠದಲ್ಲಿ ದೇವರ ದರ್ಶನವನ್ನು ಒಂಬತ್ತು ರಂಧ್ರಗಳ ಕಿಟಕಿಯ ಮೂಲಕ ಪಡೆಯಲಾಗುತ್ತದೆ. ಇಲ್ಲಿನ ಕೃಷ್ಣ ವಿಗ್ರಹವು ಮಲ್ಪೆಯ ಕಡಲಿನಲ್ಲಿ ಶ್ರೀ ಮಧ್ವಾಚಾರ್ಯರಿಗೆ ದೊರೆಯಿತೆಂಬುದು ಪ್ರತೀತಿ.

ಸಂಜೆ: ಕಾಪು
ಉಡುಪಿಯ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ದೂರದ ಕಾಪುವಿನಲ್ಲಿ 1901ರಲ್ಲಿ ನಿರ್ಮಾಣವಾದ ದೀಪಸ್ತಂಭವಿದೆ. ನಿಗದಿತ ವೇಳೆಯಲ್ಲಿ ಇದನ್ನು ಹತ್ತಿ ಕಡಲತೀರವನ್ನೂ ಸೂರ್ಯಾಸ್ತವನ್ನೂ ವೀಕ್ಷಿಸಬಹುದು. ಇನ್ನೂ ದಕ್ಷಿಣಕ್ಕಿರುವ ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆತಿತು.

ಸುರಕ್ಷತಾ ಸೂಚನೆಗಳು
ಕಡಲು ಶಾಂತವಾಗಿ ಕಂಡರೂ ಅಪಾಯವಿಲ್ಲವೆಂದು ಭಾವಿಸತಕ್ಕದ್ದಲ್ಲ. 2022ರ ಏಪ್ರಿಲ್‌ನಲ್ಲಿ, ಮಳೆಗಾಲಕ್ಕೆ ಮುನ್ನವೇ, ಸೇಂಟ್ ಮೇರೀಸ್ ದ್ವೀಪಕ್ಕೆ ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. ಆದ್ದರಿಂದ ಪ್ರವಾಸಿಗರು ಈ ಕೆಳಗಿನ ಅಂಶಗಳನ್ನು ಪಾಲಿಸತಕ್ಕದ್ದು:

1. ಅಲೆ ಬಡಿಯುವ ಬಂಡೆಗಳ ಮೇಲೆ ಛಾಯಾಚಿತ್ರಕ್ಕಾಗಿ ನಿಲ್ಲಬಾರದು. ಪಾಚಿ ಕಟ್ಟಿದ ಕಲ್ಲುಗಳು ಜಾರುತ್ತವೆ.
2. ಕೆಂಪು ಬಾವುಟವಿರುವಲ್ಲಿ ನೀರಿಗಿಳಿಯಬಾರದು. ಜೀವರಕ್ಷಕ ಸಿಬ್ಬಂದಿಯ ಮಾತನ್ನು ಮೀರಬಾರದು.
3. ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ಧರಿಸುವುದು. ಮಕ್ಕಳನ್ನು ಕೈಹಿಡಿದು ಹತ್ತಿಸಿ ಇಳಿಸುವುದು.
4. ನೀರಿನ ಸೆಳೆತಕ್ಕೆ ಸಿಲುಕಿದವರು ಅದರ ವಿರುದ್ಧ ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ನಂತರ ದಡದತ್ತ ಸಾಗುವುದು.
5. ಮುಳುಗುತ್ತಿರುವವರನ್ನು ಕಂಡಲ್ಲಿ ಈಜು ತರಬೇತಿಯಿಲ್ಲದವರು ನೀರಿಗೆ ಹಾರಬಾರದು. ಹಗ್ಗ ಅಥವಾ ತೇಲುವ ವಸ್ತುವನ್ನು ಎಸೆದು, ಜೀವರಕ್ಷಕರನ್ನು ಕೂಗಿ ಕರೆಯುವುದು.
6. ಮದ್ಯ ಸೇವಿಸಿ ನೀರಿಗಿಳಿಯಬಾರದು.
7. ದ್ವೀಪದಿಂದ ಮರಳುವ ಕೊನೆಯ ದೋಣಿಯ ವೇಳೆಯನ್ನು ಟಿಕೆಟ್ ಪಡೆಯುವಾಗಲೇ ಕೇಳಿ ತಿಳಿದುಕೊಳ್ಳುವುದು.

ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು. ಕಡಲತೀರವನ್ನು ಸ್ವಚ್ಛವಾಗಿಡಲು ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.