ಹೆಬ್ಬೆಟ್ಟು ಯಾಕೆ ಬೇಕು?

1930ರ ಏಪ್ರಿಲ್‌ನಲ್ಲಿ ಕೋಲಾರ ಚಿನ್ನದ ಗಣಿಗಳಲ್ಲಿ ಹೆಚ್ಚುಕಡಿಮೆ ಮೂರು ವಾರ ಕೆಲಸ ನಿಂತುಹೋಯಿತು. ಕಿಡಿ ಹೊತ್ತಿದ್ದು ಕೂಲಿಯ ವಿಷಯಕ್ಕಲ್ಲ. ಕಾರ್ಮಿಕರ ನೋಂದಣಿಗೆ ಇನ್ನು ಮುಂದೆ ಬೆರಳಚ್ಚು ತಗೋತೀವಿ ಅಂತ ಗಣಿ ಆಡಳಿತ ಹೊರಟಿತ್ತು. ಸಾವಿರಾರು ಜನ ಕೊಡಲ್ಲ ಅಂದರು. ಈ ಮುಷ್ಕರದ ಒಳಹೊರಗು ತಿಳೀಬೇಕು ಅನ್ನೋರು ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಪುಸ್ತಕ ನೋಡಬಹುದು. ಕೆಜಿಎಫ್ ಅಂದರೆ ಯಶ್ ಸಿನಿಮಾ ಅಷ್ಟೇ ಅಂದುಕೊಂಡಿರುವ ನನ್ನ ಆಫೀಸಿನ ಗೆಳೆಯರಿಗೆ ಅದನ್ನು ಓದಿ ಅಂತ ನಾನು ಪೀಡಿಸುತ್ತಲೇ ಇರುತ್ತೇನೆ.

ನಮ್ಮಲ್ಲಿ ಹೆಬ್ಬೆಟ್ಟು ಅನ್ನೋ ಮಾತಿಗೆ ಎರಡು ಅರ್ಥ. ಒಂದು, ಕೈಯ ಬೆರಳು. ಇನ್ನೊಂದು, ಓದುಬರಹ ಗೊತ್ತಿಲ್ಲದವನು. ‘ಅವನೊಬ್ಬ ಹೆಬ್ಬೆಟ್ಟು’ ಅಂತೀವಲ್ಲ, ಹಾಗೆ. 1930ರಲ್ಲಿ ಗಣಿಗೆ ಇಳಿಯುತ್ತಿದ್ದವರಲ್ಲಿ ಬಹುತೇಕರು ಎರಡನೇ ಅರ್ಥದ ಹೆಬ್ಬೆಟ್ಟುಗಳೇ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಬಡವರು, ಬಹಳಷ್ಟು ಜನ ದಲಿತರು. ಆದರೆ ಬೆರಳಚ್ಚು ಅಂದರೇನು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಾಕಂದರೆ ಆ ಕಾಲಕ್ಕೆ ಬೆರಳಚ್ಚು ಪೊಲೀಸರ ಸಾಮಾನು. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾಗಿದ್ದೇ ನಮ್ಮ ಕಲ್ಕತ್ತಾದಲ್ಲಿ, 1897ರಲ್ಲಿ. ಅದು ಇದ್ದದ್ದು ಅಪರಾಧಿಗಳನ್ನು ಗುರುತು ಹಿಡಿಯೋಕೆ. ಮೊದಲೇ ಗಣಿಯಿಂದ ಮೇಲೆ ಬರುವಾಗ ಚಿನ್ನ ಕದ್ದಿದ್ದೀಯಾ ಅಂತ ಮೈ ತಡಕಿಸಿಕೊಳ್ಳುತ್ತಿದ್ದ ಜನ. ಈಗ ಹೆಬ್ಬೆಟ್ಟನ್ನೂ ಒತ್ತು ಅಂದರೆ ಅದರ ಅರ್ಥ ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇದು ನಿಮಗೆ ಯಾಕೆ ಬೇಕು, ಯಾರ ಹತ್ತಿರ ಇರುತ್ತೆ, ನಾಳೆ ಇದನ್ನಿಟ್ಟುಕೊಂಡು ನನಗೇನು ಮಾಡ್ತೀರಿ? ಅವರ ನಿರಾಕರಣೆಯನ್ನು ಬಿಡಿಸಿ ನೋಡಿದರೆ ನನಗೆ ಕಾಣೋದು ಈ ಮೂರು ಪ್ರಶ್ನೆ.

ನಾನು ಬಂಗಾರಪೇಟೆಯವನು. ಕೆಜಿಎಫ್‌ಗೆ ಕವಲು ಒಡೆಯುವ ರೈಲು ಜಂಕ್ಷನ್ ನಮ್ಮೂರು. ಅಲ್ಲಿಂದ ಮಾರಿಕುಪ್ಪಂವರೆಗಿನ ಸಣ್ಣ ಹಳಿ 1894ರಲ್ಲಿ ಗಣಿಗಾಗಿಯೇ ಹಾಕಿದ್ದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಾದ ಮೇಲೆ ಹಳಿ ಉಲ್ಟಾ ಕೆಲಸ ಮಾಡ್ತಿದೆ. ಬೆಳಗ್ಗೆ ಕತ್ತಲಿರುವಾಗಲೇ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳನ್ನು ತುಂಬಿಕೊಂಡು ವೈಟ್‌ಫೀಲ್ಡ್, ಕೆ.ಆರ್. ಪುರ, ಬೆಂಗಳೂರಿಗೆ ಸುರಿಯುತ್ತೆ. ಆ ರೈಲಿನಲ್ಲಿ ಒಮ್ಮೆ ಬನ್ನಿ. ಸೀಟು ಸಿಗಲ್ಲ, ಆದರೆ ನೂರಾರು ಹೆಬ್ಬೆಟ್ಟು ಒಟ್ಟಿಗೆ ಫೋನಿನ ಮೇಲೆ ಓಡಾಡೋದು ಕಾಣುತ್ತೆ. ಲಾಕ್ ತೆಗೆಯೋಕೆ ಹೆಬ್ಬೆಟ್ಟು, ‘ಅಲೌ’ ಒತ್ತೋಕೆ ಹೆಬ್ಬೆಟ್ಟು, ‘ಐ ಅಗ್ರೀ’ ಒತ್ತೋಕೆ ಹೆಬ್ಬೆಟ್ಟು. ಎಲ್ಲರೂ ಓದಿದವರೇ.

ಸ್ನೇಹಿತರು, ಸಂಬಂಧಿಕರು ನನ್ನನ್ನು ಆಗಾಗ ಕೇಳ್ತಾರೆ, ‘ನೀನು ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲಪ್ಪ, ನಮ್ಮ ಹುಡುಗರಿಗೆ ಇಂಟರ್ನೆಟ್ಟಲ್ಲಿ ಹುಷಾರಾಗಿರೋದು ಹೇಗೆ ಅಂತ ಸ್ವಲ್ಪ ಹೇಳು’. ಆ್ಯಪ್ ಬ್ಲಾಕ್ ಮಾಡು, ಫೋನ್ ಕಿತ್ತುಕೋ ಅನ್ನೋದರಲ್ಲಿ ನನಗೆ ನಂಬಿಕೆ ಇಲ್ಲ. ಮೊದಲು ಪದಗಳ ಅರ್ಥ ಗೊತ್ತಿರಲಿ ಅಂತೀನಿ. ಹುಡುಗರ ಬಾಯಲ್ಲಿ ಇಂಟರ್ನೆಟ್ ಪದಗಳಿಗೆ ಬರವಿಲ್ಲ, ಆದರೆ ಅವು ಬಂದದ್ದು ಅರ್ಥ ಇಲ್ಲದೆ, ಬರೀ ಬಟನ್ನಿನ ಹೆಸರಾಗಿ.

‘ಪರ್ಮಿಷನ್’ ತಗೊಳ್ಳಿ. ಆಂಡ್ರಾಯ್ಡ್ ಫೋನಿನಲ್ಲಿ 2015ರವರೆಗೆ ಆ್ಯಪ್ ಹಾಕಿಕೊಳ್ಳುವಾಗಲೇ ಎಲ್ಲ ಅನುಮತಿಯನ್ನೂ ಇಡುಗಂಟಾಗಿ ಕೊಡಬೇಕಿತ್ತು. ಕೊಡಲ್ಲ ಅಂದರೆ ಆ್ಯಪ್ಪೇ ಇಲ್ಲ. ಆ ವರ್ಷ ಬಂದ ಆರನೇ ಆವೃತ್ತಿಯಿಂದ ಒಂದೊಂದಕ್ಕೂ ಬೇರೆಬೇರೆಯಾಗಿ ಕೇಳೋ ಪದ್ಧತಿ ಶುರುವಾಯಿತು. ಅಂದರೆ ‘ಯಾಕೆ ಬೇಕು’ ಅಂತ ಕೇಳೋ ಅವಕಾಶ ನಮಗೆ ಸಿಕ್ಕಿ ಹತ್ತು ವರ್ಷದ ಮೇಲಾಯಿತು. ಕೇಳ್ತಿದ್ದೀವಾ? ಸಾಲದ ಆ್ಯಪ್‌ಗಳ ಕಥೆ ನಿಮಗೆ ಗೊತ್ತಿರಬಹುದು. ಹುಡುಗನೊಬ್ಬ ಮೂರೋ ನಾಲ್ಕೋ ಸಾವಿರ ಸಾಲ ತಗೋತಾನೆ. ತಗೊಳ್ಳುವಾಗ ‘ಕಾಂಟ್ಯಾಕ್ಟ್ಸ್’, ‘ಗ್ಯಾಲರಿ’ ಎರಡಕ್ಕೂ ಅಲೌ ಒತ್ತಿರ್ತಾನೆ. ಕಂತು ತಪ್ಪಿದ ಮರುದಿನ ಅವನ ಅತ್ತೆಗೆ, ಮೇಷ್ಟರಿಗೆ, ಮ್ಯಾನೇಜರಿಗೆ ಅವನದೇ ಫೋಟೋ ಹೋಗುತ್ತೆ, ಕೆಳಗೆ ‘ಕಳ್ಳ’ ಅಂತ ಬರೆದು. ಅವನ ಅಕ್ಕನ ಫೋಟೋ ತಿರುಚಿ ಕಳಿಸಿದ್ದೂ ಉಂಟು. ಮರ್ಯಾದೆಗೆ ಅಂಜಿ ಪ್ರಾಣ ಕಳಕೊಂಡವರಿದ್ದಾರೆ. ಇಲ್ಲಿ ಫೋನನ್ನು ಯಾರೂ ಹ್ಯಾಕ್ ಮಾಡಿರಲಿಲ್ಲ. ಬಾಗಿಲು ತೆಗೆದದ್ದು ‘ಅಲೌ’. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿ, ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ಸ್, ಕಾಲ್ ಲಿಸ್ಟ್, ಫೋಟೋ ಮುಟ್ಟುವ ಹಾಗಿಲ್ಲ ಅಂದಿತು. ಆದ್ದರಿಂದ ಈಗ ಯಾವ ಸಾಲದ ಆ್ಯಪ್ಪಾದರೂ ಕಾಂಟ್ಯಾಕ್ಟ್ಸ್ ಕೇಳಿತು ಅಂದರೆ ಅದು ಕಳ್ಳ ಆ್ಯಪ್ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ‘ಡಿಲೀಟ್’. ಇದಕ್ಕೆ ನಮ್ಮೂರನ್ನೇ ಉದಾಹರಣೆ ಕೊಡ್ತೀನಿ. ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಅಂತ ಹೆಸರು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಸಾಹೇಬರ ಹೆಸರು ಅದು. ಬೋರ್ಡು ಬದಲಾಯಿತು, ಊರಿಗೆ ಬೌರಿಂಗ್ ಯಾರು ಅನ್ನೋದೇ ಮರೆತುಹೋಯಿತು, ಈಗ ನಮ್ಮೂರು ಪ್ರಸಿದ್ಧವಾಗಿರೋದು ನೀರಿನಂಥ ಪಾನಿಯ ಪಾನಿಪುರಿಗೆ. ಆದರೆ ರೈಲು ಟಿಕೆಟ್ ಬುಕ್ ಮಾಡುವಾಗ ಸ್ಟೇಷನ್ ಕೋಡ್ ನೋಡಿ: ಬಿಡಬ್ಲ್ಯುಟಿ. ಸಾಹೇಬರು ಇನ್ನೂ ರೈಲ್ವೆಯ ಕಂಪ್ಯೂಟರಿನಲ್ಲಿ ಕೂತಿದ್ದಾರೆ! ಡಿಲೀಟ್ ಅನ್ನೋದೂ ಹೆಚ್ಚಿನ ಪಾಲು ಬೋರ್ಡು ಬದಲಾಯಿಸೋದೇ. ಕಂಪ್ಯೂಟರಿನಲ್ಲಿ ಫೈಲ್ ಅಳಿಸಿದರೆ ಎಷ್ಟೋ ಸಲ ಹೋಗೋದು ಪಟ್ಟಿಯಲ್ಲಿದ್ದ ವಿಳಾಸ ಮಾತ್ರ. ಮೇಲೆ ಬೇರೆಯದು ಬರೆಯೋವರೆಗೂ ಒಳಗಿನ ಸರಕು ಹಾಗೇ ಇರುತ್ತೆ. ವಾಟ್ಸಾಪ್‌ನಲ್ಲಿ ‘ಡಿಲೀಟ್ ಫಾರ್ ಎವ್ರಿವನ್’ 2017ರಲ್ಲಿ ಬಂತು. ಅಷ್ಟರೊಳಗೆ ಆ ಕಡೆಯವರು ಸ್ಕ್ರೀನ್‌ಶಾಟ್ ಹೊಡೆದಿದ್ದರೆ ‘ಎವ್ರಿವನ್’ ಅನ್ನೋ ಪದಕ್ಕೆ ಬೆಲೆ ಇಲ್ಲ.

‘ಎಂಡ್ ಟು ಎಂಡ್ ಎನ್‌ಕ್ರಿಪ್ಶನ್’ ಕೂಡ ಹಾಗೇ. ವಾಟ್ಸಾಪ್ ಅದನ್ನು ಎಲ್ಲರಿಗೂ ಕೊಟ್ಟದ್ದು 2016ರ ಏಪ್ರಿಲ್‌ನಲ್ಲಿ. ಒಳ್ಳೆಯದೇ, ಮಧ್ಯದಲ್ಲಿ ಅಂಚೆಯವನು ಕಾಗದ ಒಡೆದು ಓದೋಕಾಗಲ್ಲ. ಆದರೆ ಕಾಗದ ಸೇರಬೇಕಾದವನೇ ದುಷ್ಟನಾಗಿದ್ದರೆ? ಆ ತುದಿಯಲ್ಲಿ ಕೂತವನ ಗುಣಕ್ಕೆ ಎನ್‌ಕ್ರಿಪ್ಶನ್ ಜವಾಬ್ದಾರಿ ಅಲ್ಲ. ನನ್ನ ಅಕ್ಕನ ಮಗಳು ರಾಬರ್ಟ್‌ಸನ್‌ಪೇಟೆಯಲ್ಲಿ ಪಿಯುಸಿ ಓದ್ತಾಳೆ. ‘ಸೇಫ್ ಮಾಮ, ಎನ್‌ಕ್ರಿಪ್ಟೆಡ್ ಅಂತ ಮೇಲೇ ಹಾಕಿರ್ತಾರೆ’ ಅಂದಳು. ಅವಳ ಕ್ಲಾಸಿನವರೆಲ್ಲ ಹಾಗೇ ತಿಳಿದಿದ್ದಾರಂತೆ.

ಹೆಸರು ದಾರಿ ತಪ್ಪಿಸೋದು ಗಣಿಯವರಿಗೆ ಹೊಸದಲ್ಲ. ಆಳದಲ್ಲಿ ಬಂಡೆ ಒತ್ತಡ ತಾಳಲಾರದೆ ಸಿಡಿಯೋದನ್ನು ಕೆಜಿಎಫ್‌ನಲ್ಲಿ ಬಹಳ ಕಾಲ ‘ಏರ್ ಬ್ಲಾಸ್ಟ್’ ಅಂತಿದ್ದರು. ಮುಖಕ್ಕೆ ಬಡಿಯೋದು ಗಾಳಿ, ಆದ್ದರಿಂದ ಗಾಳಿಯ ಹೆಸರು. ಕೊಲ್ಲುತ್ತಿದ್ದದ್ದು ಮಾತ್ರ ಕಲ್ಲು. ಕಲ್ಲಿನ ಒಳಗಿನ ಒತ್ತಡವನ್ನು ಅಳೆಯೋ ಕೆಲಸ ಎಷ್ಟು ಮುಖ್ಯವಾಯಿತು ಅಂದರೆ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯನ್ನೇ ಕೆಜಿಎಫ್‌ನಲ್ಲಿ ಕಟ್ಟಿದರು. ಬ್ರೌಸರಿನ ‘ಇನ್‌ಕಾಗ್ನಿಟೋ’ ಇಂಥದ್ದೇ ಹೆಸರು. 2008ರಲ್ಲಿ ಕ್ರೋಮ್ ಜೊತೆಗೇ ಬಂತು, ಟೋಪಿ ಕನ್ನಡಕದ ಗುಪ್ತಚರನ ಚಿತ್ರ ಹೊತ್ತುಕೊಂಡು. ಅದು ಮರೆಮಾಡೋದು ನಿಮ್ಮದೇ ಫೋನಿನ ಹಿಸ್ಟರಿಯನ್ನ. ನೀವು ಹೋದ ಜಾಲತಾಣಕ್ಕೆ, ಇಂಟರ್ನೆಟ್ ಕೊಡೋ ಕಂಪನಿಗೆ, ಕಾಲೇಜಿನ ವೈಫೈಗೆ ನಿಮ್ಮ ಓಡಾಟದ ಗುರುತು ಸಿಗುತ್ತೆ. ಈ ಹೆಸರನ್ನು ನಂಬಿದ ಜನ 2020ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೂಗಲ್ ಮೇಲೆ ಕೇಸು ಹಾಕಿದರು. 2024ರಲ್ಲಿ ರಾಜಿಯಾಗಿ, ಹಾಗೆ ಕೂಡಿಟ್ಟಿದ್ದ ಕೋಟಿಗಟ್ಟಲೆ ದಾಖಲೆ ನಾಶಮಾಡೋಕೆ ಕಂಪನಿ ಒಪ್ಪಿತು. ದೊಡ್ಡ ವಕೀಲರೇ ಜಗಳಾಡಬೇಕಾದ ಪದವನ್ನು ಹದಿನಾರರ ಹುಡುಗ ತಾನಾಗೇ ತಿಳಕೊಳ್ಳಲಿ ಅನ್ನೋದು ಅನ್ಯಾಯ.

ಕೆಲವು ಪದಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಬಿಡಲೇಬಾರದು ಅನ್ನೋದು ನನ್ನ ಹಟ. ‘ಫಿಶಿಂಗ್’ ಅಂದರೆ ಗಾಳ. ಗಾಳ ಅಂದ ತಕ್ಷಣ ಎರೆಹುಳ ಎಲ್ಲಿದೆ ಅಂತ ಕಣ್ಣು ಹುಡುಕುತ್ತೆ. ಕೆವೈಸಿ ಮುಗಿದಿದೆ, ಪಾರ್ಸಲ್ ನಿಂತಿದೆ, ಮನೆಯಲ್ಲೇ ಕೂತು ದಿನಕ್ಕೆ ಎರಡು ಸಾವಿರ ದುಡೀರಿ, ಇವೆಲ್ಲ ಹುಳ. ‘ಗ್ರೂಮಿಂಗ್’ ಅಂದರೆ ನಮ್ಮ ಹುಡುಗರಿಗೆ ಗಡ್ಡ ಟ್ರಿಮ್ ಮಾಡೋದು. ಆದರೆ ಇಂಟರ್ನೆಟ್ಟಿನ ಗ್ರೂಮಿಂಗ್ ಅಂದರೆ ಪುಸಲಾಯಿಸೋದು. ಗೇಮ್‌ನಲ್ಲಿ ಪರಿಚಯ, ತಿಂಗಳುಗಟ್ಟಲೆ ಹೊಗಳಿಕೆ, ನಿಮ್ಮಪ್ಪ ಅಮ್ಮನಿಗೆ ನೀನು ಅರ್ಥ ಆಗಲ್ಲ ಅನ್ನೋ ಸಾಂತ್ವನ, ಆಮೇಲೆ ‘ಇದು ನಮ್ಮಿಬ್ಬರಲ್ಲೇ ಇರಲಿ’, ಕೊನೆಗೆ ಒಂದು ಫೋಟೋ. ಪುಸಲಾಯಿಸೋದು ಅಂದರೆ ನಮ್ಮಜ್ಜಿಗೂ ಗೊತ್ತು. ಆ ಪದದೊಳಗೇ ಅನುಮಾನ ಇದೆ. ಗ್ರೂಮಿಂಗ್ ಅನ್ನೋದರಲ್ಲಿ ನಮ್ಮ ಕಿವಿಗೆ ಅದು ಇಲ್ಲ.

ಫೋಟೋ ಹೋದ ಮೇಲೆ ದುಡ್ಡು ಕೇಳ್ತಾರೆ, ಇಲ್ಲವೇ ಇನ್ನಷ್ಟು ಫೋಟೋ. ಸೆಕ್ಸ್‌ಟಾರ್ಷನ್ ಅನ್ನೋ ಹೊಸ ಹೆಸರಿದ್ದರೂ ಇದು ಹಳೆಯ ಬ್ಲ್ಯಾಕ್‌ಮೇಲೇ. ಇಲ್ಲಿ ಹುಡುಗರಿಗೆ ಗೊತ್ತಿರಬೇಕಾದ್ದು ಅವರ ಸಹಜ ಬುದ್ಧಿಗೆ ವಿರುದ್ಧವಾದದ್ದು. ಹೆದರಿಕೆಗೆ ಚಾಟ್ ಅಳಿಸಿಬಿಡ್ತಾರೆ, ಅಳಿಸಬಾರದು, ಅದೇ ಸಾಕ್ಷಿ. ದುಡ್ಡು ಕೊಟ್ಟರೆ ಮುಗಿಯುತ್ತೆ ಅಂದುಕೊಳ್ತಾರೆ, ಕೊಟ್ಟರೆ ಶುರುವಾಗುತ್ತೆ. ಹದಿನೆಂಟರೊಳಗಿನವರ ಅಶ್ಲೀಲ ಚಿತ್ರ ಇಟ್ಟುಕೊಂಡು ಹಂಚೋದು ಐಟಿ ಕಾಯ್ದೆಯ 67ಬಿ ಕಲಮಿನಲ್ಲೂ ಪೋಕ್ಸೋದಲ್ಲೂ ಅಪರಾಧ. ತಪ್ಪಿತಸ್ಥ ಹಂಚುವವನು, ಮಗು ಅಲ್ಲ. ಅಪ್ಪ ಅಮ್ಮ ಇಷ್ಟನ್ನು ಬಾಯಿಬಿಟ್ಟು ಮೊದಲೇ ಹೇಳಿಟ್ಟಿದ್ದರೆ ಮಗು ಅವರ ಹತ್ತಿರ ಬರುತ್ತೆ. ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿಗೆ ಫೋನ್ ಮಾಡಬೇಕು, ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯೋ ಸಾಧ್ಯತೆ ಹೆಚ್ಚು. ಆ ನಂಬರ್ ಮೊದಲು ಆರು ಅಂಕಿಯ 155260 ಆಗಿತ್ತು, ಯಾರಿಗೂ ನೆನಪಿರುತ್ತಿರಲಿಲ್ಲ. ಈಗಿನದು 1930. ದೆಹಲಿಯಲ್ಲಿ ಕೂತು ನಂಬರ್ ಕೊಟ್ಟವರಿಗೆ ನಮ್ಮ ಮುಷ್ಕರದ ವರ್ಷ ಗೊತ್ತಿರೋ ಸಾಧ್ಯತೆ ಇಲ್ಲ ಬಿಡಿ. ಆದರೆ ಕೆಜಿಎಫ್ ಹುಡುಗರಿಗೆ ಈ ನಂಬರ್ ನೆನಪಿಡಿಸೋಕೆ ನನಗೆ ಇದಕ್ಕಿಂತ ಸುಲಭದ ದಾರಿ ಸಿಕ್ಕಿಲ್ಲ.

ಬೆರಳಚ್ಚಿನ ಪ್ರಶ್ನೆ 1930ಕ್ಕೇ ನಿಲ್ಲಲಿಲ್ಲ. 2012ರಲ್ಲಿ ಅದನ್ನೇ ಮತ್ತೆ ಕೇಳಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತಾರು ವರ್ಷ. ಆಧಾರ್‌ಗೆ ಜನರ ಬೆರಳಚ್ಚು, ಕಣ್ಣಿನ ಗುರುತು ತಗೊಳ್ಳೋದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಅಂದರು. ಮರುವರ್ಷ ಕೆಲವು ಮಿತಿ ಹಾಕಿ ಆಧಾರನ್ನು ಕೋರ್ಟು ಉಳಿಸಿತು, ಆ ಚರ್ಚೆ ಬೇರೆ. ಪುಟ್ಟಸ್ವಾಮಿಯವರು 2024ರಲ್ಲಿ, ತೊಂಬತ್ತೆಂಟನೇ ವಯಸ್ಸಿನಲ್ಲಿ ತೀರಿಕೊಂಡರು. ಬೆಂಗಳೂರಿನ ನಮ್ಮ ಎಷ್ಟು ಆಫೀಸುಗಳಲ್ಲಿ ಅವತ್ತು ಅವರ ಹೆಸರು ಕೇಳಿಬಂತು? ನಮ್ಮ ಆಫೀಸಿನಲ್ಲಿ ಇಲ್ಲ. ಪ್ರೈವೆಸಿ ಟ್ರೈನಿಂಗ್ ಮಾತ್ರ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತೆ.

ಆ ತೀರ್ಪಿನ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರ್ತಿವೆ. ಹದಿನೆಂಟು ತುಂಬದವರ ಮಾಹಿತಿ ಬಳಸೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅನ್ನುತ್ತೆ ಕಾಯ್ದೆ. ಒಪ್ಪಿಗೆ ಕೊಡೋ ಅಪ್ಪ ಅಮ್ಮನಿಗೇ ಪದ ಗೊತ್ತಿಲ್ಲದಿದ್ದರೆ ಅದೂ ಇನ್ನೊಂದು ಹೆಬ್ಬೆಟ್ಟು. ಕಾಯ್ದೆಯಲ್ಲಿ ನನಗೆ ತುಂಬ ಹಿಡಿಸಿದ್ದು ಯಾರೂ ಹೆಚ್ಚು ಮಾತಾಡದ ಒಂದು ಸಾಲು. ಒಪ್ಪಿಗೆ ಕೇಳೋ ನೋಟಿಸನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದೋ ಆಯ್ಕೆ ಜನರಿಗೆ ಕೊಡಬೇಕು. ಅಂದರೆ ಕನ್ನಡದಲ್ಲಿ ಸಿಗಬೇಕು, ತಮಿಳು, ತೆಲುಗು, ಉರ್ದುವಿನಲ್ಲಿ ಸಿಗಬೇಕು. ಕೆಜಿಎಫ್‌ನ ಒಂದೊಂದು ಬೀದಿಯಲ್ಲೂ ಈ ನಾಲ್ಕೂ ಕೇಳಿಸುತ್ತೆ.

ಆ ಬಟನ್ನಿನ ಮೇಲೆ ಕನ್ನಡದಲ್ಲಿ ಏನು ಬರೀತಾರೆ ಅನ್ನೋ ಕುತೂಹಲ ನನಗಿದೆ. ‘ಸಮ್ಮತಿ’, ‘ಅನುಮತಿ’ ಅಂತ ಕಂಪನಿಯ ಅನುವಾದಕರು ಬರೆದಾರು. ಅಕ್ಕನ ಮಗಳನ್ನು ಕೇಳಿದೆ. ‘ಕೊಡ್ತೀನಿ, ಕೊಡಲ್ಲ ಅಂತ ಎರಡು ಬಟನ್ ಇಟ್ಟರೆ ಸಾಕು ಮಾಮ, ಎರಡೂ ಒಂದೇ ಸೈಜಿನಲ್ಲಿರಲಿ’ ಅಂದಳು.