ಯಾತ್ರಿಕನ ಎರಡು ಪೀಪಾಯಿಗಳು

ಪ್ರವಾಸಿಗಳನ್ನು ಹೊತ್ತು ಕಡಲಿನಲ್ಲಿ ವಿಹರಿಸುವ ಇಂದಿನ ದೊಡ್ಡ ಹಡಗುಗಳಲ್ಲಿ ಒಂದು ಚಿಕ್ಕ ಕಟ್ಟಳೆಯುಂಟು. ಹಡಗು ಹತ್ತುವಾಗ ಪ್ರಯಾಣಿಕನು ತನ್ನದೇ ದ್ರಾಕ್ಷಾರಸವನ್ನು ಜೊತೆಯಲ್ಲಿ ತರಬಹುದು. ಆದರೆ ತಲೆಗೊಂದು ಸೀಸೆ, ಅದೂ 750 ಮಿಲಿಲೀಟರಿನದು. ಎಲ್ಲ ಕಂಪನಿಗಳ ನಿಯಮವೂ ಒಂದೇ ಅಲ್ಲವಾದರೂ ಹಲವು ಕಂಪನಿಗಳ ಧೋರಣೆ ಹೀಗಿದೆ. ಅದನ್ನು ಊಟದ ಮೇಜಿನ ಮೇಲೆ ತೆರೆಸಿದರೆ ಬಿರಡೆ ತೆಗೆದುದಕ್ಕೆಂದು ಬೇರೆ ಶುಲ್ಕ ತೆರಬೇಕು. ಇನ್ನು ಮರ್ಯಾದೆಯ ಪ್ರಶ್ನೆಗಳು ಹುಟ್ಟಿಕೊಳ್ಳುತ್ತವೆ. ಹಡಗಿನ ಪಾನಶಾಲೆಯಲ್ಲಿ ದೊರೆಯುವ ಸರಕನ್ನೇ ಮನೆಯಿಂದ ಹೊತ್ತು ತರುವುದು ಸಭ್ಯತೆಯೆ? ಒಂದೇ ಮೇಜಿಗೆ ಕುಳಿತ ಅಪರಿಚಿತರಿಗೆ ಒಂದು ಬಟ್ಟಲು ನೀಡಬೇಕೆ, ಬೇಡವೆ?

ದ್ರಾಕ್ಷಾರಸದ ರುಚಿ ನಾನು ಬಲ್ಲವನಲ್ಲ. ಹಳೆಯ ಪ್ರವಾಸಕಥನಗಳ ರುಚಿಯನ್ನು ಕೊಂಚ ಬಲ್ಲೆ. ಅವುಗಳಲ್ಲಿ ಈ ಪ್ರಶ್ನೆಗಳಿಗೆ ಐದುನೂರು ವರ್ಷಗಳಿಗೂ ಹಿಂದಿನ ಒಂದು ರೂಪವಿದೆ. ಅಲ್ಲಿ ಅವು ಬರಿಯ ಸಭ್ಯತೆಯ ಪ್ರಶ್ನೆಗಳಾಗಿರಲಿಲ್ಲ.

ಹದಿನೈದನೆಯ ಶತಮಾನದ ವೆನಿಸ್ ನಗರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ವಿಜಯನಗರವನ್ನು ಕಣ್ಣಾರೆ ಕಂಡು ಅದರ ವೈಭವವನ್ನು ಯೂರೋಪಿಗೆ ಬಣ್ಣಿಸಿದ ನಿಕೊಲೊ ಕಾಂಟಿ ಮರಳಿದ್ದು ಆ ನಗರಕ್ಕೇ. ಮೆಣಸು, ರೇಷ್ಮೆಗಳ ಜೊತೆಗೆ ಆ ಊರಿಗೆ ಇನ್ನೊಂದು ವ್ಯಾಪಾರವೂ ಇತ್ತು. ಜೆರೂಸಲೇಮಿಗೆ ಹೋಗುವ ಕ್ರೈಸ್ತ ಯಾತ್ರಿಕರನ್ನು ಸಾಗಿಸುವುದು. ಜರ್ಮನಿ, ಇಂಗ್ಲೆಂಡ್, ಫ್ರಾನ್ಸ್, ಮಿಲಾನ್‌ಗಳಿಂದ ಬಂದ ಯಾತ್ರಿಕರು ಅಲ್ಲಿ ಸೇರಿ, ಗ್ಯಾಲಿ ಎಂಬ ಹುಟ್ಟುಹಡಗಿನ ಕಪ್ತಾನನೊಡನೆ ಕರಾರು ಮಾಡಿಕೊಂಡು, ಕ್ರೀಟ್, ರೋಡ್ಸ್, ಸೈಪ್ರಸ್ ದ್ವೀಪಗಳನ್ನು ಹಾಯ್ದು ಜಾಫಾ ರೇವಿಗೆ ಹೋಗುತ್ತಿದ್ದರು. ಗಾಳಿ ಒಲಿದರೆ ಐದಾರು ವಾರಗಳ ದಾರಿ. ಒಲಿಯದಿದ್ದರೆ ದೇವರೇ ಗತಿ.

ಈ ಪ್ರಯಾಣವನ್ನು ಎರಡು ಸಲ, 1480ರಲ್ಲಿ ಮತ್ತು 1483ರಲ್ಲಿ, ಮಾಡಿದವನು ಉಲ್ಮ್ ನಗರದ ಫೆಲಿಕ್ಸ್ ಫಾಬ್ರಿ ಎಂಬ ಡೊಮಿನಿಕನ್ ಸಂನ್ಯಾಸಿ. ಇವನಷ್ಟು ಮಾತುಗಾರನಾದ ಯಾತ್ರಿಕನನ್ನು ನಾನು ಬೇರೆಲ್ಲೂ ಓದಿಲ್ಲ. ಹಡಗಿನ ಇಲಿ, ಹೇನು, ದುರ್ವಾಸನೆ ಯಾವುದನ್ನೂ ಅವನು ಬಿಡುವುದಿಲ್ಲ. ಎರಡನೆಯ ಪ್ರಯಾಣಕ್ಕೆ ಮೊದಲು ಕಪ್ತಾನನೊಡನೆ ಮಾಡಿಕೊಂಡ ಕರಾರಿನ ಅಂಶಗಳನ್ನೂ ಒಂದೊಂದಾಗಿ ಬರೆದಿಟ್ಟಿದ್ದಾನೆ. ಒಬ್ಬೊಬ್ಬನಿಗೆ 40 ಡುಕಾಟ್ ಚಿನ್ನದ ನಾಣ್ಯ. ಅರ್ಧ ವೆನಿಸ್ಸಿನಲ್ಲಿ, ಉಳಿದರ್ಧ ಜಾಫಾದಲ್ಲಿ. ಅದಕ್ಕೆ ಪ್ರತಿಯಾಗಿ ಕಪ್ತಾನನು ದಿನಕ್ಕೆರಡು ಹೊತ್ತು ಊಟ ಹಾಕಬೇಕು. ಊಟದ ಜೊತೆ ಒಳ್ಳೆಯ ದ್ರಾಕ್ಷಾರಸ ಕೊಡಬೇಕು. ಮುಂಜಾನೆ ಬರಿಯ ಹೊಟ್ಟೆಗೆ ಒಂದು ಚಿಕ್ಕ ಬಟ್ಟಲು ಮಾಲ್ವಸಿಯಾ ಎಂಬ ಸಿಹಿ ದ್ರಾಕ್ಷಾರಸವನ್ನೂ, ಹಡಗಿನ ವಾಡಿಕೆಯಂತೆ, ಕೊಡಬೇಕು. ಯಾತ್ರಿಕರ ಕೋಳಿಗಳನ್ನು ಇಡಲು ಸ್ಥಳ ಕೊಡಬೇಕು. ಯಾತ್ರಿಕರ ಅಡಿಗೆಯವನು ಬಂದರೆ ಹಡಗಿನ ಅಡಿಗೆಯವರು ಒಲೆಯನ್ನು ಬಿಟ್ಟುಕೊಡಬೇಕು. ಯಾತ್ರಿಕನೊಬ್ಬ ದಾರಿಯಲ್ಲಿ ಸತ್ತರೆ ಅವನ ಸಾಮಾನಿಗೆ ಕಪ್ತಾನನು ಕೈ ಹಾಕಕೂಡದು.

ಊಟವನ್ನೂ ಪಾನವನ್ನೂ ಒದಗಿಸಬೇಕೆಂದು ಕರಾರು ಮಾಡಿದವರು ಅದೇ ಉಸಿರಿನಲ್ಲಿ ತಮ್ಮ ಕೋಳಿಗೂ ತಮ್ಮ ಒಲೆಗೂ ಜಾಗ ಕೇಳುತ್ತಾರೆ! ಸ್ವಂತ ಸಾಮಗ್ರಿಯನ್ನು ತರುವ ಪದ್ಧತಿಯ ಮೂಲ ಇಲ್ಲಿದೆ ಎಂದು ನನ್ನ ಎಣಿಕೆ. ಅದು ಭೋಗಕ್ಕಲ್ಲ, ಸಂಶಯಕ್ಕೆ. ಕಪ್ತಾನನ ಮಾತನ್ನು ಎಷ್ಟರ ಮಟ್ಟಿಗೆ ನಂಬಿದ್ದೇನೆ ಎಂಬುದನ್ನು ಯಾತ್ರಿಕನು ತನ್ನ ಪೀಪಾಯಿಯ ಗಾತ್ರದಿಂದ ತಿಳಿಸುತ್ತಿದ್ದ.

ಈ ಸಂಶಯಕ್ಕೆ ಶಾಸ್ತ್ರರೂಪ ಕೊಟ್ಟವನು ವಿಲಿಯಂ ವೇ ಎಂಬ ಇಂಗ್ಲಿಷ್ ಪಾದ್ರಿ, ಈಟನ್ ವಿದ್ಯಾಶಾಲೆಯ ಫೆಲೋ. 1458ರಲ್ಲೂ 1462ರಲ್ಲೂ ಜೆರೂಸಲೇಮಿಗೆ ಹೋಗಿಬಂದ ಅವನು ಮುಂದೆ ಹೋಗುವವರಿಗಾಗಿ ಒಂದು ಬುದ್ಧಿವಾದದ ಪಟ್ಟಿಯನ್ನು ಬರೆದ. ವ್ಯವಹಾರಜ್ಞಾನದಲ್ಲಿ ನಮ್ಮ ಮನೆಗಳ ಹಿರಿಯ ಅಜ್ಜಿಯರಿಗೆ ಸಾಟಿಯಾದವನು. ಸಂತ ಮಾರ್ಕನ ದೇವಾಲಯದ ಹತ್ತಿರ ಹಾಸಿಗೆ, ದಿಂಬು, ದುಪ್ಪಟಿಗಳನ್ನು ಮೂರು ಡುಕಾಟಿಗೆ ಕೊಳ್ಳಿ. ಹರಿದಿದ್ದರೂ ಸರಿಯೆ, ಹಿಂದಿರುಗಿ ಬಂದಾಗ ಅಂಗಡಿಯವನೇ ಒಂದೂವರೆ ಡುಕಾಟ್ ಕೊಟ್ಟು ಮರಳಿ ತೆಗೆದುಕೊಳ್ಳುತ್ತಾನೆ ಎನ್ನುತ್ತಾನೆ. ಕೋಳಿಗಳಿಗೊಂದು ಪಂಜರ ಇರಲಿ, ಅವಕ್ಕೆ ಕಾಳನ್ನೂ ಮರೆಯಬೇಡಿ. ಕಪ್ತಾನನ ಪಂಕ್ತಿಯಲ್ಲೇ ಉಣ್ಣುವವರಾದರೂ ನಿಮ್ಮ ರೊಟ್ಟಿ, ಗಿಣ್ಣು, ಮೊಟ್ಟೆ, ದ್ರಾಕ್ಷಾರಸ ನಿಮ್ಮಲ್ಲಿರಲಿ. ಅಲ್ಲಿ ಸಪ್ಪೆ ಪಾನವೂ ನಾರುವ ನೀರೂ ಸಿಕ್ಕುವ ದಿನಗಳು ಬಂದೇ ಬರುತ್ತವೆ.

ಪೀಪಾಯಿಗಳ ವಿಷಯಕ್ಕೆ ಬಂದಾಗ ಅವನು ಬಹಳ ಖಚಿತ. ಹತ್ತು ಹತ್ತು ಗ್ಯಾಲನ್ ಹಿಡಿಯುವ ಮೂರು ಪೀಪಾಯಿಗಳು ಬೇಕು. ಎರಡು ದ್ರಾಕ್ಷಾರಸಕ್ಕೆ, ಒಂದು ನೀರಿಗೆ. ದ್ರಾಕ್ಷಾರಸದ ಒಂದು ಪೀಪಾಯಿ ನಿತ್ಯದ ಬಳಕೆಗೆ. ಅದು ಬರಿದಾದಾಗ ಮುಂದಿನ ರೇವಿನಲ್ಲಿ ತುಂಬಿಸಿಕೊಳ್ಳಬೇಕು. ಇನ್ನೊಂದರಲ್ಲಿ ಕೆಂಪು ದ್ರಾಕ್ಷಾರಸ. ಅದನ್ನು ಮಾತ್ರ ಮರುಪ್ರಯಾಣದವರೆಗೂ ತೆರೆಯಕೂಡದು; ಕಾಯಿಲೆಯೋ ಬೇರೆ ತುರ್ತೋ ಒದಗಿದರೆ ಮಾತು ಬೇರೆ. ಕಾರಣವನ್ನೂ ಹೇಳುತ್ತಾನೆ. ಭೇದಿ ಹಿಡಿದಾಗ ಕೆಂಪು ದ್ರಾಕ್ಷಾರಸ ಬೇಕಾಗುತ್ತದೆ. ವೆನಿಸ್ಸನ್ನು ದಾಟಿ ದೂರ ಹೋದಮೇಲೆ ಇಪ್ಪತ್ತು ಡುಕಾಟ್ ಎಣಿಸಿದರೂ ಅಂಥ ಒಂದು ಪೀಪಾಯಿ ಸಿಕ್ಕದು. ಇಡೀ ಯಾತ್ರೆಯ ಕೇವಿನ ಅರ್ಧದಷ್ಟು ಹಣ ಅದು. ಕೆಂಪು ದ್ರಾಕ್ಷಾರಸದ ಒಗರು ಕರುಳನ್ನು ಕಟ್ಟುತ್ತದೆಂಬುದು ಆ ಕಾಲದ ವೈದ್ಯರ ನಂಬಿಕೆ. ಭೇದಿಯ ಭಯವಂತೂ ಸುಳ್ಳಲ್ಲ. ಆ ನಾಡಿನ ಹಣ್ಣುಗಳ ವಿಷಯದಲ್ಲಿ ಎಚ್ಚರ. ರಕ್ತಭೇದಿ ಹತ್ತಿದ ಇಂಗ್ಲಿಷನು ಬದುಕಿದರೆ ಅದೇ ಆಶ್ಚರ್ಯ ಎಂದು ವೇ ತನ್ನ ದೇಶದವರನ್ನು ಎಚ್ಚರಿಸುತ್ತಾನೆ.

ಇದೆಲ್ಲ ನಮಗೆ ವಿಚಿತ್ರವಾಗಿ ತೋರಬೇಕಾಗಿಲ್ಲ. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟ ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಗರು ತಮ್ಮ ಕುಡಿಯುವ ನೀರನ್ನು ತಾವೇ ಹಡಗಿಗೇರಿಸಿದರು. ಸುಮಾರು 4,000 ಲೀಟರ್ ಹಿಡಿಯುವ ಒಂದೊಂದು ಬೆಳ್ಳಿಯ ಕೊಪ್ಪರಿಗೆ, ಅದರ ತುಂಬ ಗಂಗಾಜಲ. ಆ ಕೊಪ್ಪರಿಗೆಗಳನ್ನು ಜಯಪುರದ ಅರಮನೆಯಲ್ಲಿ ಇಂದಿಗೂ ನೋಡಬಹುದು. ಅಲ್ಲಿದ್ದುದು ಮಡಿಯ ಪ್ರಶ್ನೆ, ವೇಯದು ಕರುಳಿನ ಪ್ರಶ್ನೆ. ಪರರ ಹಡಗಿನ ಪಾನವನ್ನು ನಂಬಲಾರದ ಮನಸ್ಸು ಮಾತ್ರ ಎರಡು ಕಡೆಯೂ ಒಂದೇ.

ಮತ್ತೆ ಗ್ಯಾಲಿಗೆ ಬರೋಣ. ಯಾತ್ರಿಕರ ವಾಸ ಹಡಗಿನ ಒಡಲಿನ ಒಂದು ಉದ್ದನೆಯ ಕೋಣೆಯಲ್ಲಿ. ಕಿಟಕಿಯಿಲ್ಲ, ಮೇಲಿನ ಬಾಯಿಗಳಿಂದ ಏಣಿಯಿಳಿದು ಬರಬೇಕು, ಬೆಳಕೂ ಅಲ್ಲಿಂದಲೇ. ಎರಡು ಬದಿಗೂ ತಲೆಯಿಟ್ಟು, ನಡುವಿಗೆ ಕಾಲು ಚಾಚಿ, ಒಬ್ಬರ ಪಕ್ಕಕ್ಕೊಬ್ಬರು ಮಲಗುತ್ತಾರೆ. ಕಾಲ ಬುಡದಲ್ಲಿ ಅವರವರ ಪೆಟ್ಟಿಗೆ. ಹಲಗೆಗಳ ಕೆಳಗೆ, ಹಡಗಿನ ತೂಕಕ್ಕೆಂದು ತುಂಬಿದ ಮರಳು. ಫಾಬ್ರಿ ಹೇಳುವ ಒಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಯಾತ್ರಿಕರು ತಾವು ಮಲಗುವ ಹಲಗೆಯನ್ನೆತ್ತಿ, ದ್ರಾಕ್ಷಾರಸದ ಸೀಸೆಗಳನ್ನೂ ಮೊಟ್ಟೆಗಳನ್ನೂ ತಂಪಾಗಿರಲೆಂದು ಆ ಮರಳಿನಲ್ಲಿ ಹೂಳುತ್ತಿದ್ದರು. ಬೇಸಗೆಯ ಮೆಡಿಟರೇನಿಯನ್ ಕಡಲಿನಲ್ಲಿ, ಬೆವರು ನಾರುವ ಆ ಕತ್ತಲೆಯ ಗವಿಯಲ್ಲಿ, ತಂಪೆಂಬುದು ಬೆನ್ನ ಕೆಳಗೆ ಒಂದು ಗೇಣಿನಷ್ಟು ದೂರದಲ್ಲಿತ್ತು.

ಮರಳಿಗೆ ಬೀಗವಿಲ್ಲ. ಹಡಗಿನಲ್ಲಿ ಬರೆಯುತ್ತ ಕುಳಿತು ಲೇಖನಿಯನ್ನು ಕೆಳಗಿಟ್ಟು ಆಚೆ ತಿರುಗಿದರೆ ಅದು ಮಾಯವಾಗುತ್ತದೆ, ಸುತ್ತ ಪರಿಚಿತರೇ ಇದ್ದರೂ ಆಗುತ್ತದೆ ಎಂದು ಇದೇ ಫಾಬ್ರಿ ಎಚ್ಚರಿಸಿದ್ದಾನೆ. ಹಾಗಿರುವಾಗ ನೆರೆಯವನ ಹಲಗೆಯ ಕೆಳಗಿನ ಸೀಸೆಯನ್ನು ಮುಟ್ಟದಿರುವುದೇ ದೊಡ್ಡ ಶಿಷ್ಟಾಚಾರವಾಗಿರಬೇಕು.

ಊಟದ ವೇಳೆಗೆ ಕಹಳೆ ಊದುತ್ತಿದ್ದರು. ಕಹಳೆ ಕೇಳಿದೊಡನೆ ಓಟ. ಮೇಜಿನಲ್ಲಿ ಮೇಲುಕೀಳೆಂಬ ಕ್ರಮವಿಲ್ಲ. ಸರದಾರನಾಗಲಿ ಪಾದ್ರಿಯಾಗಲಿ ರೈತನಾಗಲಿ, ಮೊದಲು ಬಂದವನಿಗೆ ಮೊದಲ ಸ್ಥಾನ. ದ್ರಾಕ್ಷಾರಸ ಬೇಕಾದಷ್ಟು, ಒಮ್ಮೆ ಚೆನ್ನ, ಒಮ್ಮೆ ತೆಳು, ಆದರೆ ಯಾವಾಗಲೂ ಅದಕ್ಕೆ ಧಾರಾಳವಾಗಿ ದೀಕ್ಷಾಸ್ನಾನವಾಗಿರುತ್ತಿತ್ತೆಂದು ನಮ್ಮ ಸಂನ್ಯಾಸಿಯ ಹಾಸ್ಯ. ನೀರು ಬೆರೆಸಿದ್ದರೆಂದು ಅರ್ಥ. ಯಾತ್ರಿಕರ ಪಂಕ್ತಿಯಾದ ಮೇಲೆ ಕಪ್ತಾನನ ಊಟ. ಅವನಿಗೆ ಬೆಳ್ಳಿಯ ಪಾತ್ರೆ. ಅರಸರಿಗೆ ಮಾಡುವಂತೆ ಅವನ ಪಾನವನ್ನು ಮೊದಲೇ ಇನ್ನೊಬ್ಬರು ರುಚಿ ನೋಡಿ ಕೊಡುತ್ತಿದ್ದರು.

ಸಿರಿವಂತ ಸರದಾರರು ಈ ನೂಕುನುಗ್ಗಲಿಗೆ ಬರುತ್ತಿರಲಿಲ್ಲ. ಅಡಿಗೆಯವರ ಕೈ ಬೆಚ್ಚಗೆ ಮಾಡಿ, ತಮ್ಮ ಊಟವನ್ನು ತಾವೇ ಬೇರೆ ಮಾಡಿಸಿಕೊಳ್ಳುತ್ತಿದ್ದರು. ಸಾಮಾನ್ಯ ಪಂಕ್ತಿ ಅಳಿಸಿಹಾಕಿದ ಅಂತಸ್ತನ್ನು ಸ್ವಂತ ಒಲೆ, ಸ್ವಂತ ಪೀಪಾಯಿಗಳು ಮತ್ತೆ ಬರೆದುಕೊಡುತ್ತಿದ್ದವು. ಹಡಗಿನಲ್ಲಿ ದ್ರಾಕ್ಷಾರಸವನ್ನು ಮಾರುವವರೂ ಇದ್ದರು. ಒಳ್ಳೆಯದು ಯಾರ ಬಳಿ ಸಿಕ್ಕುತ್ತದೆಂದು ವಿಚಾರಿಸಿಕೊಂಡು, ಅಲ್ಲೇ ಕುಳಿತು ದಿನ ಕಳೆಯುವ ಮಂದಿಯನ್ನು ಫಾಬ್ರಿ ಕಂಡಿದ್ದಾನೆ. ಅವರು ಹೆಚ್ಚಾಗಿ ಸ್ಯಾಕ್ಸನಿಯವರು, ಫ್ಲಾಂಡರ್ಸಿನವರು ಎನ್ನುತ್ತಾನೆ. ತಾನು ಸ್ವೇಬಿಯದವನಲ್ಲವೆ!

ನೆಲಕ್ಕಿಳಿದ ಮೇಲೆ ಶಿಷ್ಟಾಚಾರ ಬೇರೆಯಾಗುತ್ತಿತ್ತು. ಪುಣ್ಯಭೂಮಿ ಆಗ ಈಜಿಪ್ಟಿನ ಮಮ್ಲೂಕ್ ಸುಲ್ತಾನರ ಆಳ್ವಿಕೆಯಲ್ಲಿತ್ತು. ರಾಮ್ಲಾ ಎಂಬಲ್ಲಿ ಫ್ರಾನ್ಸಿಸ್ಕನ್ ಮಠಾಧಿಪತಿ ಯಾತ್ರಿಕರನ್ನು ಕೂರಿಸಿಕೊಂಡು ನಡತೆಯ ನಿಯಮಗಳನ್ನು ವಿವರಿಸುತ್ತಿದ್ದ. ಅವುಗಳಲ್ಲಿ ದ್ರಾಕ್ಷಾರಸದ ಮಾತೂ ಬರುತ್ತದೆ. ಮುಸಲ್ಮಾನರಿಗೆ ಅದು ನಿಷಿದ್ಧ. ಅವರೆದುರಿಗೆ ಬಹಿರಂಗವಾಗಿ ಕುಡಿಯಬೇಡಿ, ಕುಡಿಯಲೇಬೇಕಾದರೆ ಜೊತೆಗಾರನು ಮೇಲಂಗಿಯನ್ನು ಅಡ್ಡ ಹಿಡಿಯಲಿ. ಅವರು ಕೇಳಿದರೂ ಕೊಡಬೇಡಿ. ಕುಡಿದವನು ಮೊದಲು ಏರಿಬರುವುದು ಕೊಟ್ಟವನ ಮೇಲೆಯೇ. ಕೊನೆಯ ಮಾತಿನಲ್ಲಿ ಪಾದ್ರಿಗಳ ಪೂರ್ವಗ್ರಹ ಸಾಕಷ್ಟಿದೆ. ಆದರೆ ಅತಿಥಿಯಾಗಿ ಹೋದ ನಾಡಿನ ಧರ್ಮಕ್ಕೆ ಅಡ್ಡ ಹಿಡಿದ ಆ ಮೇಲಂಗಿ ಸಲ್ಲಿಸಿದ ಗೌರವವನ್ನು, ಅದು ಭಯದಿಂದಲೇ ಹುಟ್ಟಿದ್ದರೂ, ಅಲ್ಲಗಳೆಯಲಾರೆ.

ನನ್ನನ್ನು ಕಾಡುವ ಪ್ರಶ್ನೆ ವೇಯ ಎರಡನೆಯ ಪೀಪಾಯಿಯದು. ಕಾಯಿಲೆ ಬಂದರೆ ತೆರೆಯಬಹುದೆಂದು ಅವನು ಹೇಳುತ್ತಾನಷ್ಟೆ. ಯಾರ ಕಾಯಿಲೆ? ಮೊಳದಳತೆಯ ದೂರದಲ್ಲಿ, ನಿನ್ನೆಯವರೆಗೆ ಹೆಸರೂ ತಿಳಿಯದಿದ್ದವನೊಬ್ಬ ರಕ್ತಭೇದಿಯಿಂದ ನರಳುತ್ತಿದ್ದಾನೆ. ಹಲಗೆಯ ಕೆಳಗೆ ಔಷಧವಿದೆ. ಜಾಫಾ ಇನ್ನೂ ಮುಂದೆ, ಮರುಪ್ರಯಾಣ ಅದಕ್ಕಿಂತ ಮುಂದೆ. ಪ್ರತಿಯೊಂದಕ್ಕೂ ಬೆಲೆ ಹೇಳಿದ ಪಾದ್ರಿ ಇಲ್ಲಿ ಮೌನ. ಮಿಲಾನಿನ ವೃದ್ಧ ಪಾದ್ರಿ ಪಿಯೆತ್ರೊ ಕಸೋಲ, 1494ರಲ್ಲಿ ಇದೇ ದಾರಿಯಲ್ಲಿ ಹೋದವನು, ಯಾತ್ರಿಕನಿಗೆ ಮೂರು ಚೀಲಗಳು ಬೇಕೆನ್ನುತ್ತಾನೆ. ತಾಳ್ಮೆಯದೊಂದು, ಹಣದ್ದೊಂದು, ಶ್ರದ್ಧೆಯದೊಂದು. ದಯೆಗೆ ಅವನೂ ಚೀಲ ಹೊಲಿಸಲಿಲ್ಲ.

ಫಾಬ್ರಿಯ ಮೊದಲನೆಯ ಪ್ರಯಾಣದಲ್ಲಿ ಮಾತ್ರ ಈ ಪ್ರಶ್ನೆಗೆ ಒಂದು ಬಗೆಯ ಉತ್ತರ ದೊರೆಯುತ್ತದೆ. 1480ರ ಆ ಬೇಸಗೆಯಲ್ಲಿ ತುರ್ಕರ ನೌಕಾಪಡೆ ರೋಡ್ಸ್ ದ್ವೀಪವನ್ನು ಮುತ್ತಿತ್ತು. ಭಯದಿಂದ ಹಲವರು ನಡುದಾರಿಯಲ್ಲೇ ಹಿಂದಿರುಗಿದರು. ಆ ಹಡಗಿನಲ್ಲಿ ಕೆಲವು ಮಂದಿ ಅನುಕೂಲಸ್ಥ ವೃದ್ಧ ಸ್ತ್ರೀಯರಿದ್ದರು, ಅವರು ಹಿಂದಿರುಗಲಿಲ್ಲ. ಮುದುಕಿಯರೊಡನೆ ಪ್ರಯಾಣ ಮಾಡುವುದು ತಮಗೆ ಅವಮಾನವೆಂದು ಕೆಲವು ಸರದಾರರು ಮೊದಲೇ ಗೊಣಗಿದ್ದರು. ಜೆರೂಸಲೇಮಿನಿಂದ ಮರಳುವಾಗ ಹಡಗಿನ ತುಂಬ ಕಾಯಿಲೆ. ಗಾಳಿ ಕೈಕೊಟ್ಟಿತು, ಸಿಹಿನೀರು ಮುಗಿಯುತ್ತ ಬಂತು. ಬೆಚ್ಚಗಿನ, ಬಣ್ಣಗೆಟ್ಟ ನೀರನ್ನು ನಾವಿಕರು ದ್ರಾಕ್ಷಾರಸಕ್ಕಿಂತ ಹೆಚ್ಚಿನ ಬೆಲೆಗೆ ಮಾರಿದರು. ಪೀಪಾಯಿಗಳ ಲೆಕ್ಕವೆಲ್ಲ ತಲೆಕೆಳಗಾಯಿತು. ಸರದಾರರು ಒಬ್ಬೊಬ್ಬರಾಗಿ ಮಲಗಿದರು, ಅವರ ಶುಶ್ರೂಷೆಗೆ ಎದ್ದು ನಿಲ್ಲಬಲ್ಲವರಿಲ್ಲವಾಯಿತು. ಆಗ ಎದ್ದು ಓಡಾಡುತ್ತಿದ್ದವರು ಆ ಮುದುಕಿಯರೇ. ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಬೇಯಿಸಿ, ಉಣಿಸಿ, ಕುಡಿಸಿ, ತಮ್ಮನ್ನು ಬೇಡವೆಂದಿದ್ದ ಗಂಡಸರ ಆರೈಕೆ ಮಾಡಿದರು. ಸಂನ್ಯಾಸಿ ಅವರ ಹೆಸರುಗಳನ್ನು ಬರೆದಿಡಲಿಲ್ಲ.