ಬಾಕಿ ಉಳಿದ ಎರಡು ಅಂಕ

ಕಳೆದ ತಿಂಗಳು ಇಂದಿರಾನಗರದಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತಿದ್ದ ಹೆಣ್ಣುಮಗಳೊಬ್ಬಳು, "ಸರ್, ನೀವು ನನಗೆ ಕೊಡಬೇಕಾದ ಎರಡು ಅಂಕ ಇನ್ನೂ ಬಾಕಿ ಇದೆ" ಎಂದು ನಕ್ಕಳು. ನನ್ನ ಹಳೆಯ ವಿದ್ಯಾರ್ಥಿನಿ. ಈಗ ಅವಳದು ತಂತ್ರಾಂಶ ಬರೆಯುವ ವೃತ್ತಿ. ಯಾವ ಅಂಕವೆಂದು ಕೂಡಲೇ ನೆನಪಾಯಿತು.

ತೊಂಬತ್ತರ ದಶಕದಲ್ಲಿ ಕೃಷ್ಣರಾಜಪುರದ ಕಡೆಯ ಶಾಲೆಯೊಂದರಲ್ಲಿ ನಾನು ಗಣಿತದೊಂದಿಗೆ ಗಣಕ ಪಾಠವನ್ನೂ ಹೇಳುತ್ತಿದ್ದೆ. ಕಿರುಪರೀಕ್ಷೆಯಲ್ಲಿ "ಆಪರೇಟಿಂಗ್ ಸಿಸ್ಟಮ್ ಎಂದರೇನು? ಉದಾಹರಣೆ ಕೊಡಿ" ಎಂದು ಕೇಳಿದ್ದೆ. ಎಲ್ಲರೂ ಎಂಎಸ್-ಡಾಸ್ ಎಂದು ಬರೆದರೆ, ಇವಳೊಬ್ಬಳು "ನಮ್ಮ ಶಾಲೆಯ ಬಿಬಿಸಿ ಯಂತ್ರದೊಳಗೆ ಇರುವುದು" ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ಅದರಲ್ಲಿ ಇಲ್ಲ" ಎಂದು ಷರಾ ಬರೆದೆ. ಫ್ಲಾಪಿಯಿಂದ ತುಂಬಿಸಿದರೆ ಮಾತ್ರ ಅದು ಆಪರೇಟಿಂಗ್ ಸಿಸ್ಟಮ್ ಎಂಬುದು ಅಂದಿನ ನನ್ನ ತಿಳಿವಳಿಕೆ.

ಬಿಬಿಸಿ ಮೈಕ್ರೋ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಡಿ ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಈ ಯಂತ್ರಗಳನ್ನು ಕೊಟ್ಟಿತ್ತು. ಅದರ ಸ್ಮೃತಿ ಕೇವಲ 32 ಕಿಲೋಬೈಟ್. ಗುಂಡಿ ಒತ್ತಿದೊಡನೆ 'ಬೀಪ್' ಎಂದು ಸದ್ದು ಮಾಡಿ, ಬೇಸಿಕ್ ಭಾಷೆಯ ಆಜ್ಞೆಗಳಿಗಾಗಿ ಕಾದು ನಿಲ್ಲುತ್ತಿತ್ತು. ಏನನ್ನೂ ತುಂಬಿಸಬೇಕಾಗಿರಲಿಲ್ಲ. ಆದ್ದರಿಂದ ಬೇಸಿಕ್ ಎಂಬುದೇ ಯಂತ್ರದ ಸರ್ವಸ್ವವೆಂದು ನಾನು ಭಾವಿಸಿದ್ದೆ.

ಆದರೆ ಸಾಕ್ಷಿ ಕಣ್ಣೆದುರಿಗೇ ಇತ್ತು. ನಕ್ಷತ್ರ ಚಿಹ್ನೆಯೊಂದಿಗೆ 'ಹೆಲ್ಪ್' ಎಂದು ಟೈಪಿಸಿದರೆ ಪರದೆಯ ಮೇಲೆ 'ಓಎಸ್ 1.20' ಎಂದು ಮೂಡುತ್ತಿತ್ತು. ಯಂತ್ರವೇ ತನ್ನೊಳಗಿನ ವ್ಯವಸ್ಥೆಯ ಹೆಸರು ಹೇಳಿದರೂ ಮೇಷ್ಟರಿಗೆ ಕೇಳಿಸಲಿಲ್ಲ! 16 ಕಿಲೋಬೈಟಿನ ಒಂದು ಚಿಪ್ಪಿನಲ್ಲಿ ಆ ವ್ಯವಸ್ಥೆ ಶಾಶ್ವತವಾಗಿ ಅಚ್ಚಾಗಿತ್ತು. ಬೇಸಿಕ್ ಇದ್ದದ್ದು ಇನ್ನೊಂದು ಚಿಪ್ಪಿನಲ್ಲಿ. ಬೇಸಿಕ್ ಚಿಪ್ಪನ್ನು ಕಿತ್ತು ಯಂತ್ರವನ್ನು ಚಾಲೂ ಮಾಡಿದರೆ, ಒಳಗಿನ ವ್ಯವಸ್ಥೆ ಎಚ್ಚೆತ್ತು "ಲಾಂಗ್ವೇಜ್?" ಎಂದು ಪ್ರಶ್ನಿಸುತ್ತದೆ. ಲೆಕ್ಕ ನಡೆಯುತ್ತಿರುವಾಗ ತುಂಟ ಹುಡುಗರು ಒತ್ತಿದ ಅಕ್ಷರಗಳು, ಲೆಕ್ಕ ಮುಗಿದ ಮೇಲೆ ಸಾಲಾಗಿ ಪರದೆಗೆ ಬರುತ್ತಿದ್ದವಲ್ಲ? ಅವನ್ನು ಜೋಪಾನವಾಗಿ ಕಾದಿಟ್ಟದ್ದು ಆ ವ್ಯವಸ್ಥೆಯೇ.

ಹಾಗಾದರೆ ಆಪರೇಟಿಂಗ್ ಸಿಸ್ಟಮ್ ಎನಿಸಿಕೊಳ್ಳಲು ಏನು ಬೇಕು? ಮೊದಲ ಗಣಕಗಳಲ್ಲಿ ಅದು ಇರಲೇ ಇಲ್ಲ. ಒಂದು ಕೆಲಸ ಮುಗಿದ ಮೇಲೆ ಮತ್ತೊಂದನ್ನು ಹೂಡುವವರು ಆಪರೇಟರುಗಳು, ಅಂದರೆ ಮನುಷ್ಯರು. 1956ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಮತ್ತು ನಾರ್ತ್ ಅಮೆರಿಕನ್ ಏವಿಯೇಷನ್ ಸಂಸ್ಥೆಗಳು ಐಬಿಎಂ 704 ಯಂತ್ರಕ್ಕಾಗಿ ಆ ದುಡಿಮೆಯ ಒಂದು ಭಾಗವನ್ನು ಕ್ರಮವಿಧಿಗೇ ಒಪ್ಪಿಸಿದವು. ಏಕಕಾಲದಲ್ಲಿ ಹಲವು ಕೆಲಸಗಳನ್ನು ನಿಭಾಯಿಸಬೇಕು ಎಂಬ ಷರತ್ತು ಹಾಕಿದರೆ 1981ರ ಎಂಎಸ್-ಡಾಸ್ ಕೂಡ ಅನುತ್ತೀರ್ಣವಾಗುತ್ತದೆ. ಕ್ರಮವಿಧಿಗೂ ಯಂತ್ರಕ್ಕೂ ನಡುವೆ ನಿಂತು ಸೇವೆ ಒದಗಿಸಿದರೆ ಸಾಕು ಎಂದರೆ ಡಾಸ್, ಬಿಬಿಸಿ ಎರಡೂ ಉತ್ತೀರ್ಣ. ಒಂದಕ್ಕೆ ಅಂಕ ಕೊಟ್ಟು ಇನ್ನೊಂದಕ್ಕೆ ತಪ್ಪಿಸಲು ನ್ಯಾಯವಿಲ್ಲ.

ಪರದೆಯೂ ಅನಿವಾರ್ಯವಲ್ಲ. 1948ರಲ್ಲಿ ಆರಂಭವಾದ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ನನ್ನ ಅಣ್ಣ ದುಡಿಯುತ್ತಿದ್ದ. ಅಲ್ಲಿ ತಯಾರಾಗುತ್ತಿದ್ದ ಸ್ಟ್ರೌಜರ್ ವಿನಿಮಯ ಕೇಂದ್ರಗಳಲ್ಲಿ ನಾವು ತಿರುಗಿಸಿದ ಡಯಲ್ಲಿನ ಮಿಡಿತವೇ ಸಲಕರಣೆಯನ್ನು ನೇರವಾಗಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿಸುತ್ತಿತ್ತು. ಅಲ್ಲಿ ನಡುವೆ ನಿಂತು ವ್ಯವಸ್ಥೆ ಮಾಡುವ ಕ್ರಮವಿಧಿ ಇರಲಿಲ್ಲ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ವಿದ್ಯುನ್ಮಾನ ವಿನಿಮಯ ಕೇಂದ್ರ 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. ಅದರಲ್ಲಿ ಕರೆಗಳನ್ನು ಜೋಡಿಸುವುದು ಕ್ರಮವಿಧಿ. ಯಾರು ರಿಸೀವರ್ ಎತ್ತಿದರು, ಯಾರು ಇಟ್ಟರು ಎಂದು ಎಡೆಬಿಡದೆ ಗಮನಿಸುತ್ತ, ಕರೆ ಮಾಡಿದವರ ಕಣ್ಣಿಗೆ ಬೀಳದೆ ಅದು ದುಡಿಯುತ್ತಿತ್ತು.

ಈ ಪ್ರಶ್ನೆ ಕೇವಲ ಮೇಷ್ಟರ ತರ್ಕವಲ್ಲ. 1998ರಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ವಿರುದ್ಧ ಹೂಡಿದ ದಾವೆಯಲ್ಲಿ, ಜಾಲತಾಣ ನೋಡುವ ಎಕ್ಸ್‌ಪ್ಲೋರರ್ ವಿಂಡೋಸ್‌ನ ಅಂಗವೋ ಪ್ರತ್ಯೇಕ ಸರಕೋ ಎಂಬುದೇ ಮುಖ್ಯ ವಿವಾದಗಳಲ್ಲೊಂದಾಗಿತ್ತು. ಇಂದು ಕಿಸೆಯಲ್ಲಿರುವ ಮೊಬೈಲಿನಲ್ಲಿ ಆಂಡ್ರಾಯ್ಡ್ ಇದೆ ಎನ್ನುತ್ತೇವೆ. ಅದರ ತಿರುಳು 1991ರಲ್ಲಿ ಹುಟ್ಟಿದ ಲಿನಕ್ಸ್. ಅದೇ ಮೊಬೈಲಿನಲ್ಲಿ ರೇಡಿಯೋ ಸಂಪರ್ಕ ನೋಡಿಕೊಳ್ಳುವ ಭಾಗಕ್ಕೆ ತನ್ನದೇ ಬೇರೆ ವ್ಯವಸ್ಥೆ ಇರುತ್ತದೆ. ಒಂದೇ ಮನೆಯಲ್ಲಿ ಎರಡು ಯಜಮಾನಿಕೆ!

ನಮ್ಮ ಕಣ್ಣಿಗೆ ಕಾಣುವುದನ್ನೇ ವ್ಯವಸ್ಥೆ ಎಂದುಕೊಂಡು, ಕಾಣದಂತೆ ದುಡಿಯುವುದನ್ನು ಇಲ್ಲವೆನ್ನುವುದು ಸುಲಭ. ಆ ಹುಡುಗಿ ಹಾಗೆ ಮಾಡಲಿಲ್ಲ, ಮೇಷ್ಟರು ಮಾಡಿದರು. ಏಕೆ ಹಾಗೆ ಬರೆದೆಯೆಂದು ಅಂದು ಒಂದು ಮಾತು ಕೇಳಿದ್ದರೆ ನನ್ನ ತಪ್ಪು ಅದೇ ದಿನ ತಿದ್ದಿಹೋಗುತ್ತಿತ್ತು. ಕೇಳಲಿಲ್ಲವೆಂಬುದೇ ಅಂಕಕ್ಕಿಂತ ದೊಡ್ಡ ಕೊರಗು.

ಪಾಯಸ ಬಡಿಸುವ ಹೊತ್ತಿಗೆ, "ಎರಡಕ್ಕೆ ಎರಡು, ಬರೆದುಕೊಳ್ಳಮ್ಮ" ಎಂದೆ. "ಬಡ್ಡಿ ಸರ್?" ಎಂದಳು. ಈ ಬರಹವೇ ಆ ಬಡ್ಡಿ. ನನ್ನ ಕೆಂಪು ಗೆರೆಯ ಅನ್ಯಾಯಕ್ಕೆ ಗುರಿಯಾದವರು ನಿಮ್ಮಲ್ಲಿ ಇನ್ನೂ ಇದ್ದರೆ ಸಂಕೋಚವಿಲ್ಲದೆ ತಿಳಿಸಿ. ಲೆಕ್ಕ ಚುಕ್ತಾ ಮಾಡೋಣ.